ಗಾಡಿ ಸಿಗದಿದ್ದರೂ ಪರಿಹಾರ ಸಿಗಲಿ

ಮಾನ್ಯರೇ,

ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೂ ಸತ್ತವರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಪರಿಹಾರವಿದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. 2022ರ ಏಪ್ರಿಲ್‌ಗೆ ಮೊದಲು ಇದು ಬರೀ 25 ಸಾವಿರ ಇತ್ತು. ಮೊತ್ತ ಜಾಸ್ತಿಯಾಯಿತು, ಸಂತೋಷ. ಆದರೆ ಅರ್ಜಿ ಹಾಕಿ ಅಂತ ಹೇಳುವವರು ಯಾರು? ಗಾಡಿ ನಂಬರ್ ಸಿಗಲಿಲ್ಲ ಎಂದರೆ ಕೇಸೇ ಮುಗಿಯಿತು ಎಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ. ಒಂದು ತಿಂಗಳಲ್ಲಿ ವಾಹನದ ವಿವರ ಸಿಗದಿದ್ದರೆ ಪೊಲೀಸರೇ ಈ ಯೋಜನೆಯನ್ನು ಕುಟುಂಬಕ್ಕೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲೇ ಹೇಳಿದೆ. ದುಡಿಯುವ ಜೀವ ಕಳೆದುಕೊಂಡವರನ್ನು ಮರಣೋತ್ತರ ಪರೀಕ್ಷೆ ವರದಿ, ಪಾಸ್‌ಬುಕ್ ಪ್ರತಿ ಹಿಡಿದು ಕಚೇರಿ ಕಚೇರಿ ಅಲೆಸುವುದು ಅನ್ಯಾಯ ಅಲ್ವಾ? ಎಫ್‌ಐಆರ್ ಪ್ರತಿ ಕೊಡುವಾಗಲೇ ಠಾಣೆಯಲ್ಲಿ ಪರಿಹಾರದ ಅರ್ಜಿಯನ್ನೂ ಕೊಟ್ಟು, ಅಲ್ಲೇ ತುಂಬಿಸಿಕೊಳ್ಳುವ ವ್ಯವಸ್ಥೆ ಬರಲಿ.