ನಿನ್ನ ಕಥೆಯ ಧಣಿಯ ಬಗ್ಗೆ

ಡೊಂಬಿವಲಿ,
ಭಾನುವಾರ

ಚಿ. ಸುಧೀರನಿಗೆ ಮಾವನ ಆಶೀರ್ವಾದಗಳು.

ಪುಣೆಯಿಂದ ನೀನು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಹೋಟೆಲಿನ ವಿಷಯ ಅಂದಮೇಲೆ ನನಗೆ ಸುಮ್ನೆ ಇರಲು ಆಗುವುದಿಲ್ಲ, ಗೊತ್ತಲ್ವಾ.

ಮೊದಲ ಸಾಲಿನಲ್ಲೇ ಬರೆದಿದ್ದೀಯ: ‘ರಾಮಣ್ಣ ಶೆಟ್ಟರು ನೋಡಲು ಜುಗ್ಗ, ಒಳಗೆ ಮೆದು ಮನಸ್ಸಿನವರು.’ ಇದು ನೇರ ಪಾತ್ರಚಿತ್ರಣ, ಅಂದರೆ ಮನುಷ್ಯ ಎಂಥವನೆಂದು ಬರೆಯುವವನೇ ಹೇಳಿಬಿಡುವುದು. ತಪ್ಪೇನಿಲ್ಲ. ಆದರೆ ಮಾರಾಯ, ಇಡೀ ಮನುಷ್ಯನನ್ನು ಒಂದೇ ಸಾಲಿನಲ್ಲಿ ಬಡಿಸಿಬಿಟ್ಟರೆ ನಾನು ಮುಂದಿನ ಎಂಟು ಪುಟ ಯಾಕೆ ಓದಬೇಕು?

ನಾನು ಮುಂಬಯಿಯ ಮಾಟುಂಗಾದ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುತ್ತಾ ರಾತ್ರಿ ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ದಿನ ಕೈಜಾರಿ ಗ್ಲಾಸು ಒಡೆಯಿತು. ಧಣಿ ಗಲ್ಲಾದಿಂದ ಏಳಲಿಲ್ಲ, ಬೈಯಲೂ ಇಲ್ಲ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಪುಸ್ತಕದಲ್ಲಿ ಬರೆದುಕೊಂಡರು: ‘ಗ್ಲಾಸು ಒಂದು’. ತಿಂಗಳ ಕೊನೆಗೆ ಹೆದರುತ್ತಲೇ ಸಂಬಳ ಎಣಿಸಿದೆ. ಪೂರ್ತಿ ಇತ್ತು. ಪುಸ್ತಕದಲ್ಲಿ ಆ ಸಾಲಿನ ಮೇಲೆ ಗೀಟು ಬಿದ್ದಿತ್ತು. ಮುಂದಿನ ತಿಂಗಳೂ ಒಡೆದದ್ದನ್ನೆಲ್ಲ ಬರೆದರು, ಮತ್ತೆ ಗೀಟು ಹಾಕಿದರು.

ಜುಗ್ಗ, ಮೆದು ಎಂಬ ಎರಡು ಮಾತೂ ಇಲ್ಲಿಲ್ಲ. ಆದರೂ ಧಣಿ ನಿನಗೆ ಕಂಡರಲ್ವಾ? ಪರೋಕ್ಷ ಚಿತ್ರಣ ಅನ್ನುವುದು ಇದಕ್ಕೇ. ಓದುವವನು ತಾನೇ ಲೆಕ್ಕ ಹಾಕುತ್ತಾನೆ. ತಾನು ಹಾಕಿದ ಲೆಕ್ಕವನ್ನು ಅವನು ಜಾಸ್ತಿ ನಂಬುತ್ತಾನೆ.

ಮಾಡುವ ಕೆಲಸ ಒಂದೇ ಅಲ್ಲ, ಆಡುವ ಮಾತು, ತೊಡುವ ಬಟ್ಟೆ, ತಲೆಯೊಳಗಿನ ಗೊಣಗಾಟ ಎಲ್ಲವೂ ಕೆಲಸಕ್ಕೆ ಬರುತ್ತವೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ನಮ್ಮ ಮುಂಬಯಿಯದೇ ಕಾದಂಬರಿ. ಅದರಲ್ಲಿ ಕಥಾನಾಯಕ ನಾಗಪ್ಪನ ಭಯ, ಅನುಮಾನ ನಮಗೆ ತಟ್ಟುವುದು ಅವನ ತಲೆಯೊಳಗಿನ ಮಾತಿನಿಂದಲೇ. ನಿನ್ನ ಶೆಟ್ಟರೋ, ಪಾಠದ ಪುಸ್ತಕದ ಹಾಗೆ ಮಾತಾಡುತ್ತಾರೆ. ಗಲ್ಲಾದಲ್ಲಿ ಕೂತವರು ಗಿರಾಕಿಗೆ ಹಿಂದಿ, ಭಾಜಿವಾಲನಿಗೆ ಮರಾಠಿ, ನಮಗೆ ಕನ್ನಡ. ಸಿಟ್ಟು ಬಂದರೆ ತುಳು!

ನಿನ್ನ ಅಡುಗೆ ಭಟ್ಟ ‘ಧಣಿ ಕಳ್ಳ’ ಅನ್ನುವ ಜಾಗ ಚೆನ್ನಾಗಿದೆ. ಅದರ ಹಿಂದೆಯೇ ‘ಆದರೆ ಇದು ಸುಳ್ಳಾಗಿತ್ತು’ ಎಂದು ನೀನು ಬಾಯಿ ಹಾಕಿದ್ದನ್ನು ಮಾತ್ರ ಹೊಡೆದುಹಾಕು. ಭಟ್ಟನಿಗೆ ಅಡ್ವಾನ್ಸ್ ಸಿಗಲಿಲ್ಲ ಅಂತ ಎರಡು ಪುಟ ಹಿಂದೆ ನೀನೇ ಬರೆದಿದ್ದೀಯ. ಅಷ್ಟು ಸಾಕು. ಆ ಒಂದು ಬೈಗುಳದಲ್ಲಿ ಧಣಿಗಿಂತ ಭಟ್ಟನೇ ಜಾಸ್ತಿ ಕಾಣುತ್ತಾನೆ.

ಹಾಗಂತ ಎಲ್ಲರನ್ನೂ ಹೀಗೆ ಬಿಡಿಸಿ ತೋರಿಸಲು ಹೋಗಬೇಡ. ಹಾಲಿನವನು ಒಂದೇ ಸಲ ಬಂದು ಹೋಗುವವನು. ‘ಸೋಮಾರಿ’ ಅಂದು ಮುಂದೆ ನಡೆ. ಅವನ ಚಪ್ಪಲಿ, ಬೆವರು, ಆಕಳಿಕೆ ಎಂದು ಅರ್ಧ ಪುಟ ಬರೆದಿದ್ದೀಯಲ್ಲ, ದಾದರಿನಲ್ಲಿ ಲೋಕಲ್ ರೈಲು ಹತ್ತಿದ ನನಗೆ ಅದನ್ನು ಓದುತ್ತಾ ಠಾಣೆ ಸ್ಟೇಷನ್ ಬರುವ ಮೊದಲೇ ತೂಕಡಿಕೆ ಬಂತು.

ತಿದ್ದಿ ಇನ್ನೊಮ್ಮೆ ಕಳಿಸು. ಗ್ಲಾಸಿನ ಪ್ರಸಂಗ ಬೇಕಾದರೆ ನೀನೇ ಇಟ್ಟುಕೋ. ನಾನು ಒಡೆದದ್ದು ಒಂದಲ್ಲ, ಏಳೆಂಟು. ಈಗಲೂ ನಿನ್ನ ಅತ್ತೆ ನನಗೆ ಚಹಾ ಕೊಡುವುದು ಸ್ಟೀಲ್ ಲೋಟದಲ್ಲೇ.

ಇಂತಿ,
ನಿನ್ನ ಮಾವ