ಹೈಪೋ ತಡೆಯದ ಹೈಪೋ ಪಂಪ್: ಸಾಫ್ಟ್ ವಾಶ್ ಟ್ರೇಲರ್ ಬಗ್ಗೆ ದೂರು

ಇವರಿಗೆ,
ಮ್ಯಾನೇಜರ್,
ಮಾರಾಟ ಮತ್ತು ಸರ್ವಿಸ್ ವಿಭಾಗ

ವಿಷಯ: ಆರ್ಡರ್ ಕೊಟ್ಟು ಮಾಡಿಸಿದ ಸಾಫ್ಟ್ ವಾಶ್ ಟ್ರೇಲರ್‌ನಲ್ಲಿ ಕ್ವೊಟೇಶನ್‌ಗೆ ಹೊಂದದ ಬಿಡಿಭಾಗ ಹಾಕಿರುವುದು ಮತ್ತು ವಾರಂಟಿ ನಿರಾಕರಿಸಿರುವುದು.

ಮಾನ್ಯರೇ,

ಫೋನಿನಲ್ಲಿ ಹೇಳಿದ್ದಾಯಿತು, ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ್ದೂ ಆಯಿತು. ನಿಮ್ಮ ಕಡೆಯಿಂದ ಕೊನೆಗೆ ಬಂದ ಉತ್ತರ ಒಂದೇ ಸಾಲು: 'ಕೆಮಿಕಲ್‌ನಿಂದ ಆದ ಹಾನಿಗೆ ವಾರಂಟಿ ಇಲ್ಲ.' ಅದಕ್ಕೇ ಈ ಪತ್ರ. ಸಾಫ್ಟ್ ವಾಶ್ ಅಂದರೆ ಕಡಿಮೆ ಒತ್ತಡದಲ್ಲಿ ಕೆಮಿಕಲ್ ಹೊಡೆದು ಗೋಡೆ, ಹಂಚು ತೊಳೆಯುವುದು. ಅದಕ್ಕೆಂದೇ ಮಾಡಿಸಿದ ಯಂತ್ರ ಇದು. ಅದರೊಳಗೆ ಕೆಮಿಕಲ್ ಹಾಕಿದ್ದೇ ತಪ್ಪು ಅಂದರೆ ಇನ್ನೇನು ಹಾಕಬೇಕಿತ್ತು, ಎಳನೀರಾ?

ನನ್ನ ಕೆಲಸ ಏನು ಅಂತ ಆರ್ಡರ್ ಕೊಡುವಾಗಲೇ ಇಮೇಲ್‌ನಲ್ಲಿ ಬರೆದಿದ್ದೆ. ಮತ್ತೊಮ್ಮೆ ಹೇಳುತ್ತೇನೆ. ಮಂಗಳೂರು, ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಳೆ ನಿಲ್ಲುವಷ್ಟರಲ್ಲಿ ಹಂಚು, ಕಾಂಪೌಂಡ್ ಗೋಡೆ, ಅಂಗಳದ ಇಂಟರ್‌ಲಾಕ್ ಎಲ್ಲ ಪಾಚಿ ಹಿಡಿದು ಕಪ್ಪಾಗಿರುತ್ತದೆ. ಕಾರು ತೊಳೆಯುವ ಪ್ರೆಶರ್ ವಾಷರ್ 100 ಬಾರ್‌ಗಿಂತ ಜಾಸ್ತಿ ಒತ್ತಡದಲ್ಲಿ ನೀರು ಬಿಡುತ್ತದೆ. ಹಳೆಯ ಹಂಚಿಗೆ ಅದನ್ನು ಹಿಡಿದರೆ ಹಂಚಿನ ಮೈ ಏಳುತ್ತದೆ, ನೀರು ಸಂದಿಯಲ್ಲಿ ನುಗ್ಗಿ ಒಳಗಿನ ಪಕ್ಕಾಸು ನೆನೆಯುತ್ತದೆ. ಕೆಂಪುಕಲ್ಲಿನ ಗೋಡೆಯಂತೂ ಉದುರುತ್ತದೆ. ಹಾಗಾಗಿ ಕಡಿಮೆ ಒತ್ತಡದಲ್ಲಿ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ಅನ್ನುವ ಬ್ಲೀಚ್ ದ್ರವ) ಮತ್ತು ಸೋಪು ಬೆರೆಸಿ ಹೊಡೆದು, ಪಾಚಿಯನ್ನು ಬೇರು ಸಮೇತ ಸಾಯಿಸುವುದು ನಮ್ಮ ವಿಧಾನ. ಅಂಗಡಿಯಲ್ಲಿ ಸಿಗುವ ಹೈಪೋ 10ರಿಂದ 12 ಶೇಕಡಾದ್ದು. ಗೋಡೆಗೆ ಅದನ್ನು ಸುಮಾರು 1 ಶೇಕಡಾಕ್ಕೆ ಇಳಿಸುತ್ತೇವೆ, ಹಂಚಿಗೆ ಸುಮಾರು 3ಕ್ಕೆ.

ನಮ್ಮ ಕಡೆ ಅಡಿಕೆಗೆ ಮದ್ದು ಹೊಡೆಯುವ ಪವರ್ ಸ್ಪ್ರೇಯರ್ ಬೇಕಾದಷ್ಟು ಸಿಗುತ್ತದೆ, ಬಾಡಿಗೆಗೂ ಕೊಡುತ್ತಾರೆ. ಅದು ಬೇಡ ಅಂತ ಬಿಟ್ಟದ್ದಕ್ಕೆ ಕಾರಣ ಅದರೊಳಗಿನ ಹಿತ್ತಾಳೆ. ಹೈಪೋ ಹಿತ್ತಾಳೆಯನ್ನು ತಿನ್ನುತ್ತದೆ. ಹಿತ್ತಾಳೆ ಇಲ್ಲದ ಸೆಟ್ ಬೇಕು ಅಂತಲೇ 3.5 ಲಕ್ಷ ಕೊಟ್ಟು ನಿಮ್ಮ ಹತ್ತಿರ ಮಾಡಿಸಿದ್ದು. ನೀವು ಕಳಿಸಿದ ಟ್ರೇಲರ್‌ನಲ್ಲಿ ಹೈಪೋ, ನೀರು, ಸೋಪು ಬೆರೆಸುವ ಮಿಕ್ಸಿಂಗ್ ಮ್ಯಾನಿಫೋಲ್ಡ್‌ನ ಮೂರು ವಾಲ್ವ್‌ಗಳೂ ಹಿತ್ತಾಳೆಯವು. ಮೇಲೆ ಬೆಳ್ಳಗೆ ಪಾಲಿಶ್ ಇದ್ದದ್ದರಿಂದ ಮೊದಲು ಗೊತ್ತಾಗಲಿಲ್ಲ. ಪಾಲಿಶ್ ಎದ್ದು ಹಸಿರು ಕಿಲುಬು ಬಂದಾಗ ಗೊತ್ತಾಯಿತು. ಕ್ವೊಟೇಶನ್‌ನಲ್ಲಿ 'ಪಿವಿಡಿಎಫ್ ಅಥವಾ ಪಿವಿಸಿ ವಾಲ್ವ್' ಅಂತ, ಅಂದರೆ ಪ್ಲಾಸ್ಟಿಕ್ ವಾಲ್ವ್ ಅಂತ, ನಿಮ್ಮದೇ ಅಕ್ಷರದಲ್ಲಿದೆ.

ಇದು ಬರೀ ವಾಲ್ವ್ ಹಾಳಾಗುವ ಮಾತಾಗಿದ್ದರೆ ಬದಲಾಯಿಸಿ ಸುಮ್ಮನಾಗುತ್ತಿದ್ದೆ. ತಾಮ್ರ, ನಿಕ್ಕಲ್, ಕಬ್ಬಿಣದ ಅಂಶ ಸ್ವಲ್ಪ ಬೆರೆತರೂ ಹೈಪೋ ಬೇಗ ಒಡೆಯುತ್ತದೆ, ಆಮ್ಲಜನಕ ಬಿಡುತ್ತದೆ. ಬಿಸಿಲಿನಲ್ಲಿ ಇನ್ನೂ ಬೇಗ. ಹಿತ್ತಾಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ತಾಮ್ರವೇ ಅಲ್ವಾ? ಪಂಪ್ ನಿಂತಾಗ ಲೈನಿನ ದ್ರವ ಹಿಂದಕ್ಕೆ ಹೋಗದಂತೆ ತಡೆಯುವ ಚೆಕ್ ವಾಲ್ವ್ ಹಾಕಿಲ್ಲ. ತಾಮ್ರ ಬೆರೆತ ದ್ರವ ನೇರ 200 ಲೀಟರ್ ಹೈಪೋ ಟ್ಯಾಂಕ್‌ಗೆ ವಾಪಸ್ ಬರುತ್ತದೆ. ಆ ಟ್ಯಾಂಕಿಗೆ ಗಾಳಿ ಹೋಗುವ ಮುಚ್ಚಳವೂ ಇಲ್ಲ, ಗಟ್ಟಿಯಾಗಿ ತಿರುಗಿಸುವ ಮುಚ್ಚಳ ಕೊಟ್ಟಿದ್ದೀರಿ. ಒಂದು ಮಧ್ಯಾಹ್ನ ಟ್ಯಾಂಕ್ ಊದಿಕೊಂಡು, ಕಟ್ಟಿದ ಪಟ್ಟಿ ಬಿಗಿಯಾಗಿ ನಿಂತಿತ್ತು. ಮುಚ್ಚಳ ಸಡಿಲಿಸಿದಾಗ ಬುಸ್ ಅಂತ ಹೈಪೋ ಎರಚಿತು. ನಮ್ಮ ಹುಡುಗ ಕನ್ನಡಕ, ಗ್ಲೌಸ್ ಹಾಕಿದ್ದ. ಹಾಕಿರದಿದ್ದರೆ ಇದು ಬೇರೆ ಥರದ ಪತ್ರ ಆಗಿರುತ್ತಿತ್ತು.

ಪಂಪ್‌ನದ್ದೂ ಇದೇ ಕತೆ. ನಿಮಿಷಕ್ಕೆ 20 ಲೀಟರ್ ಎತ್ತುವ 12 ವೋಲ್ಟ್ ಡಯಾಫ್ರಮ್ ಪಂಪ್, ಸೀಲ್ ಹೈಪೋ ತಡೆಯುವ ವೈಟಾನ್ ರಬ್ಬರಿನದು ಅಂತ ಹೇಳಿದ್ದಿರಿ. ಸೋರಲು ಶುರುವಾದ ಮೇಲೆ ಬಿಚ್ಚಿ ನೋಡಿದರೆ ವಾಲ್ವ್ ರಬ್ಬರ್ ಬಿರುಕು ಬಿಟ್ಟಿದೆ. ಪಂಪ್ ಜೊತೆ ಬಂದ ಚೀಟಿಯಲ್ಲೇ ನೈಟ್ರೈಲ್ ಅಂತ ಅಚ್ಚಾಗಿದೆ. ನೈಟ್ರೈಲ್ ಎಣ್ಣೆಗೆ ಒಳ್ಳೆಯದು, ಹೈಪೋಗೆ ಅಲ್ಲ. ಸ್ಪ್ರಿಂಗ್ ಮಾಮೂಲಿ ಸ್ಟೇನ್‌ಲೆಸ್ ಸ್ಟೀಲ್. 'ಎಸ್‌ಎಸ್ 304 ಹಾಕಿದ್ದೀವಲ್ಲ, ತುಕ್ಕು ಹಿಡಿಯಲ್ಲ' ಅಂದರು ನಿಮ್ಮ ಎಂಜಿನಿಯರ್. ಕ್ಲೋರೈಡ್ ಇರುವ ಕಡೆ 304ರಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಬೀಳುತ್ತದೆ. ಬಿದ್ದಿದೆ. ಫೋಟೊ ಇದೆ.

ಇನ್ನೊಂದು ವಿಷಯ ಬರೆಯದೇ ಇರಲು ಆಗುವುದಿಲ್ಲ. ನಿಮ್ಮಿಂದ ಬಂದ ಸರ್ವಿಸ್ ಹುಡುಗ ಲೈನಿನಲ್ಲಿ ಕಟ್ಟಿದ ಬಿಳಿ ಪದರ ತೆಗೆಯಲು ಬಾತ್‌ರೂಮ್ ಆಸಿಡ್ ಓಡಿಸಿ ಅಂದ. ಟ್ಯಾಂಕಿನಲ್ಲಿ ಆಗ ಹೈಪೋ ಇತ್ತು. ಹೈಪೋಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಉಸಿರಾಟಕ್ಕೇ ಕುತ್ತು. ನಾನು ಬೇಡ ಅಂದೆ. ಗೊತ್ತಿಲ್ಲದ ಗಿರಾಕಿ ಆಗಿದ್ದರೆ? ಆ ಹುಡುಗನನ್ನು ಬೈಯಬೇಡಿ. ಅವನಿಗೆ ಹೇಳಿಕೊಡದೆ ಕಳಿಸಿದ್ದು ನೀವು.

ವೈರಿಂಗ್ 1.5 ಚದರ ಮಿಲಿಮೀಟರ್‌ದು. ಹೋಗಿ ಬರುವ ತಂತಿ ಸೇರಿ ಸುಮಾರು 12 ಮೀಟರ್ ಇದೆ, ಪಂಪ್ 18 ಆಂಪ್ ಎಳೆಯುತ್ತದೆ. ಲೆಕ್ಕ ಹಾಕಿದರೆ ತಂತಿಯಲ್ಲೇ ಸುಮಾರು 2.5 ವೋಲ್ಟ್ ಹೋಗುತ್ತದೆ. ಪಂಪ್‌ಗೆ ಸಿಗುವುದು 10ರ ಆಸುಪಾಸು. ಎರಡನೇ ಮಹಡಿಯ ಸೂರಿಗೆ ನೀರು ಮುಟ್ಟುವುದಿಲ್ಲ ಅಂದರೆ 'ಬ್ಯಾಟರಿ ವೀಕ್ ಇರಬೇಕು' ಅಂದಿರಿ. ಬ್ಯಾಟರಿ ಸರಿ ಇದೆ. 6 ಚದರ ಮಿಲಿಮೀಟರ್ ತಂತಿ ಹಾಕಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಕೊಡಿ.

ಟ್ರೇಲರ್ ರಸ್ತೆಗಿಳಿಸಲೇ ಭಯ. 500 ಲೀಟರ್ ನೀರಿನ ಟ್ಯಾಂಕ್ ಅಂದರೆ ಅರ್ಧ ಟನ್. ಅದನ್ನು ಆಕ್ಸಲ್‌ಗಿಂತ ಹಿಂದೆ ಕೂರಿಸಿದ್ದೀರಿ. ಒಟ್ಟು ತೂಕದಲ್ಲಿ 10ರಿಂದ 15 ಶೇಕಡಾ ಮುಂದಿನ ಕೊಂಡಿಯ ಮೇಲೆ ಕೂರಬೇಕು. ಇಲ್ಲಿ ಟ್ಯಾಂಕ್ ತುಂಬಿದರೆ ಕೊಂಡಿ ಮೇಲಕ್ಕೆ ಏಳುತ್ತದೆ. ಹೆದ್ದಾರಿ 66ರಲ್ಲಿ ಸ್ವಲ್ಪ ವೇಗ ಹಿಡಿದರೆ ಹಿಂಭಾಗ ಆಚೆ ಈಚೆ ಬೀಸುತ್ತದೆ. ಟ್ಯಾಂಕ್ ಅರ್ಧ ಖಾಲಿ ಇದ್ದಾಗ ಒಳಗೆ ತಡೆ ಹಲಗೆ ಇಲ್ಲದೆ ನೀರು ತುಳುಕಿ ಬ್ರೇಕ್ ಹಾಕಿದಾಗ ಗಾಡಿಯನ್ನೇ ತಳ್ಳುತ್ತದೆ. ಈಗ ಖಾಲಿ ಟ್ಯಾಂಕ್ ಎಳೆದುಕೊಂಡು ಹೋಗಿ ಗಿರಾಕಿಯ ಬಾವಿಯಿಂದ ತುಂಬಿಸುತ್ತಿದ್ದೇನೆ. ಟ್ರೇಲರ್‌ಗೂ ನೋಂದಣಿ ಬೇಕು. ಅದಕ್ಕೆ ಬೇಕಾದ ಫಾರಂ 21 (ಮಾರಾಟ ಪತ್ರ) ಮತ್ತು 22 (ರಸ್ತೆಗೆ ಯೋಗ್ಯ ಅನ್ನುವ ಪತ್ರ) ಇನ್ನೂ ಕೈಗೆ ಬಂದಿಲ್ಲ.

'ಕೆಲಸ ಮುಗಿದ ಮೇಲೆ ನೀರು ಬಿಟ್ಟು ತೊಳೆದಿಲ್ಲ' ಅನ್ನುವುದು ನಿಮ್ಮ ಇನ್ನೊಂದು ವಾದ. ಕ್ವೊಟೇಶನ್‌ನಲ್ಲಿದ್ದ ಫ್ಲಶ್ ವಾಲ್ವ್ ಅನ್ನು ನೀವು ಹಾಕಿಯೇ ಇಲ್ಲ. ಆದರೂ ಪೈಪ್ ಬಿಚ್ಚಿ ಬಕೆಟ್ ನೀರು ಎಳೆಸಿ ತೊಳೆಯುತ್ತಾ ಬಂದಿದ್ದೇವೆ. ಅದರ ವಿಡಿಯೊ ನಿಮ್ಮ ಹುಡುಗನೇ ತೆಗೆದುಕೊಂಡು ಹೋಗಿದ್ದಾನೆ.

ನನಗೆ ದುಡ್ಡು ವಾಪಸ್ ಬೇಡ, ಹೇಳಿದ ಯಂತ್ರ ಬೇಕು. ಪಂಪ್ ಅನ್ನು ವೈಟಾನ್ ಸೀಲ್, ಹೈಪೋ ತಡೆಯುವ ಸ್ಪ್ರಿಂಗ್ ಇರುವುದಕ್ಕೆ ಬದಲಾಯಿಸಿ. ಹಿತ್ತಾಳೆ ಪೂರ್ತಿ ತೆಗೆದು ಪಿವಿಡಿಎಫ್ ಅಥವಾ ಪಿವಿಸಿ ವಾಲ್ವ್ ಹಾಕಿ, ಚೆಕ್ ವಾಲ್ವ್ ಮತ್ತು ಫ್ಲಶ್ ಲೈನ್ ಕೊಡಿ. ಊದಿದ ಟ್ಯಾಂಕ್ ಬದಲಿಸಿ, ಗಾಳಿ ಬಿಡುವ ಮುಚ್ಚಳ ಹಾಕಿ. ನೀರಿನ ಟ್ಯಾಂಕ್ ಮುಂದಕ್ಕೆ ಸರಿಸಿ, ಒಳಗೆ ತಡೆ ಹಲಗೆ ಹಾಕಿಸಿ, ಕೊಂಡಿಯ ಭಾರವನ್ನು ನನ್ನ ಎದುರೇ ತೂಗಿ ತೋರಿಸಿ. ನೋಂದಣಿ ಕಾಗದ ಕೊಡಿ. ಸಾಗಾಟದ ಖರ್ಚು ನಿಮ್ಮದು. ಮಳೆ ನಿಂತ ಮೇಲೆ ದೀಪಾವಳಿವರೆಗೆ ನಮಗೆ ಹೆಚ್ಚು ಕೆಲಸ ಇರುವ ಕಾಲ. ಆಗ ಕೈತಪ್ಪಿದ ಕೆಲಸದ ವಿವರ, ಗಿರಾಕಿಗಳು ಕಳಿಸಿದ ಮೆಸೇಜ್ ಸಮೇತ, ಬೇರೆ ಹಾಳೆಯಲ್ಲಿದೆ. ಅದರ ಪರಿಹಾರ ಕೂತು ಮಾತಾಡೋಣ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಕೊಡಿ. 'ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ' ಅನ್ನುವ ಉತ್ತರ ಬೇಡ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಗಾಡಿ ಎಳೆಯುವವನೂ ನಾನೇ, ಸ್ಪ್ರೇ ಗನ್ ಹಿಡಿಯುವವನೂ ನಾನೇ. ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ನಮ್ಮ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನೀವಿರುವ ಊರಿಗೆ ನಾನು ಬರಬೇಕಾಗಿಲ್ಲ, ದೂರುದಾರ ಇರುವ ಕಡೆಯೇ ದಾಖಲಿಸಬಹುದು.

ಕ್ವೊಟೇಶನ್, ಬಿಲ್, ನನ್ನ ಮೊದಲ ಇಮೇಲ್, ಪಂಪ್‌ನ ಚೀಟಿ, ಫೋಟೊಗಳ ಪ್ರತಿ ಜೊತೆಗಿಟ್ಟಿದ್ದೇನೆ. ಬಿಚ್ಚಿದ ಭಾಗಗಳನ್ನು ಎಸೆದಿಲ್ಲ, ಬಂದವರು ನೋಡಬಹುದು.

ಇಂತಿ,
ನಿಮ್ಮ ಗ್ರಾಹಕ
ಮಂಗಳೂರು