ಆ ದಿನ ದೊರೆ ನೀರಿಗೆ ಇಳಿಯಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಕಿಂಗ್‌ಹ್ಯಾಮ್ ಕಾಲುವೆ ಮತ್ತು 1876–78ರ ಬರದ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಒಂದು ಸಾಲು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಆಂಧ್ರದ ಒಂಗೋಲಿನ ಅಮೆರಿಕನ್ ಮಿಷನರಿ ಜಾನ್ ಕ್ಲೌ ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನ, ಅಂದರೆ ಕ್ರೈಸ್ತರಾಗುವಾಗಿನ ನೀರಿನ ಸಂಸ್ಕಾರ, ಕೊಟ್ಟರು ಎಂಬ ಸಾಲು. ಸಂಖ್ಯೆ ಸರಿ. ದಿನವೂ ಗೊತ್ತು, 1878ರ ಜುಲೈ 3. ತಪ್ಪಿರುವುದು ಕರ್ತೃಪದ. ನಾನು ನಿವೃತ್ತ ಕನ್ನಡ ಮೇಷ್ಟ್ರು, ಕರ್ತೃಪದ ತಪ್ಪಿದರೆ ಸುಮ್ನೆ ಇರಲು ಆಗುವುದಿಲ್ಲ. ಆ ದಿನ ಕ್ಲೌ ದೊರೆ ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಇದನ್ನು ಸ್ವತಃ ಅವರೇ ಹೇಳಿದ್ದಾರೆ.

ಬಳ್ಳಾರಿ ಕಡೆಯವನಿಗೆ ಒಂಗೋಲಿನ ಉಸಾಬರಿ ಯಾಕೆ ಎಂದು ಕೇಳಬಹುದು. ಮಗಳನ್ನು ಆ ಊರಿಗೆ ಕೊಟ್ಟಿದ್ದೇವೆ. ಮೊದಲ ಸಲ ಹೋಗುವಾಗ ನನಗೆ ಗೊತ್ತಿದ್ದದ್ದು ಒಂಗೋಲು ಎತ್ತು ಒಂದೇ. ನಮ್ಮದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕುಟುಂಬ, ಅಲ್ಲಿ ಬೀಗರು ಬ್ಯಾಪ್ಟಿಸ್ಟ್ ಸಭೆಯವರು. ನಮ್ಮಲ್ಲಿ ಕೂಸಿನ ಹಣೆಗೆ ನೀರು ಹಾಕುತ್ತಾರೆ. ಅವರಲ್ಲಿ ಹಾಗಿಲ್ಲ. ಬುದ್ಧಿ ಬಂದ ಮೇಲೆ, ತಾನೇ ಕೇಳಿಕೊಂಡವರನ್ನು ನೀರಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸಬೇಕು. ಬಿಷಪ್ ಇಲ್ಲ. ಒಂದೊಂದು ಸಭೆಗೂ ಅದೇ ಯಜಮಾನ, ತನ್ನ ಪಾಲಕರನ್ನು (ಪಾಸ್ಟರುಗಳನ್ನು) ತಾನೇ ಆರಿಸಿಕೊಳ್ಳುತ್ತದೆ. ಈ ಮುಳುಗಿಸುವ ಸಂಗತಿ ನೆನಪಿಡಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಆ ಸೀಮೆಯ ಕಥೆ ಶುರುವಾದದ್ದು ಸೋಲಿನಿಂದ. ಸ್ಯಾಮ್ಯುಯೆಲ್ ಡೇ ಎಂಬ ಬ್ಯಾಪ್ಟಿಸ್ಟ್ ಮಿಷನರಿ 1836ರಲ್ಲಿ ತೆಲುಗು ನಾಡಿಗೆ ಬಂದರು, 1840ರಲ್ಲಿ ನೆಲ್ಲೂರಿನಲ್ಲಿ ನೆಲೆ ನಿಂತರು. ವರ್ಷಗಟ್ಟಲೆ ದುಡಿದರೂ ಸೇರಿದವರು ಬೆರಳೆಣಿಕೆಯಷ್ಟು. ಈ ಮಿಷನ್ ಮುಚ್ಚಿಬಿಡೋಣ ಎಂದು ಅಮೆರಿಕದಲ್ಲಿ ಮತ್ತೆ ಮತ್ತೆ ಚರ್ಚೆ ಆಯಿತು. 1853ರಲ್ಲಿ ಅಲ್ಲಿ ನಡೆದ ಕೂಟದಲ್ಲಿ ಅದಕ್ಕೆ ‘ಒಂಟಿ ನಕ್ಷತ್ರ’ ಎಂಬ ಹೆಸರು ಬಿತ್ತು, ಆ ಹೆಸರೇ ಅದನ್ನು ಉಳಿಸಿತು ಎನ್ನುತ್ತಾರೆ. 1854ರ ಹೊಸ ವರ್ಷದ ದಿನ ಬೆಳಗಿನ ಜಾವ ಐದು ಜನ ಒಂಗೋಲಿನ ಗುಡ್ಡ ಹತ್ತಿ, ಈ ಊರಿಗೆ ಒಬ್ಬ ಬೋಧಕನನ್ನು ಕಳಿಸು ಎಂದು ಪ್ರಾರ್ಥಿಸಿದರು. ಐವರಲ್ಲಿ ಇಬ್ಬರು ಮಿಷನರಿ ಜ್ಯೂವೆಟ್ ಮತ್ತು ಅವರ ಹೆಂಡತಿ, ಎಲ್ಲರೂ ಇದನ್ನು ‘ಜ್ಯೂವೆಟ್ ದಂಪತಿಯ ಪ್ರಾರ್ಥನೆ’ ಎಂದೇ ಬರೆಯುತ್ತಾರೆ. ಉಳಿದ ಮೂವರು ಭಾರತೀಯರು: ನರಸು, ಜೂಲಿಯಾ, ರೂತ್. ಐವರಲ್ಲಿ ಮೂವರು, ಅಂದರೆ ಬಹುಮತ ಅವರದ್ದೇ ಅಲ್ವಾ?

ಕ್ಲೌ ಬಂದದ್ದು 1865ರಲ್ಲಿ. ಅಮೆರಿಕದಲ್ಲಿ ಭೂಮಿ ಸರ್ವೆ ಮಾಡುತ್ತಿದ್ದ ಮನುಷ್ಯ. ಮರುವರ್ಷ ಒಂಗೋಲಿಗೆ ಬಂದು ಬಿಡಾರ ಹೂಡಿದರು. 1867ರ ಜನವರಿ 1ರಂದು ಅಲ್ಲಿ ಸಭೆ ಕಟ್ಟಿದಾಗ ಇದ್ದ ಸದಸ್ಯರು 8 ಜನ.

ಆದರೆ ನನ್ನ ಲೆಕ್ಕದಲ್ಲಿ ಆ ಸೀಮೆಯ ಮೊದಲ ಪಾಲಕ ಎರ್ರಗುಂಟ್ಲ ಪೇರಯ್ಯ. ಒಂಗೋಲಿನಿಂದ ದೂರದ ತಲಕೊಂಡಪಾಡಿನವರು. ಮಾದಿಗ ಸಮುದಾಯದವರು, ತೊಗಲಿನ ವ್ಯಾಪಾರ. ಓದು ಬರಹ ಅಷ್ಟಕ್ಕಷ್ಟೆ, ಹುಡುಕಾಟ ಮಾತ್ರ ಜೋರು. ವೀರಮ್ಮ ಎಂಬ ಗುರುವಿನ ಹತ್ತಿರ ಯೋಗ ಕಲಿತಿದ್ದರು. ಅವರಿಗೂ ಶಿಷ್ಯರು ಇದ್ದರು. ಅಂದರೆ ಕ್ಲೌ ಆ ಸೀಮೆಗೆ ಕಾಲಿಡುವ ಮೊದಲೇ ಪೇರಯ್ಯ ತನ್ನವರ ನಡುವೆ ಒಬ್ಬ ಗುರು. ತೊಗಲು ಕೊಳ್ಳಲು ಬಡಗಣ ದಿಕ್ಕಿಗೆ ಹೋದಾಗ ಏಲೂರಿನ ಕಡೆ ಕ್ರಿಸ್ತನ ಮಾತು ಕಿವಿಗೆ ಬಿತ್ತು. 1866ರಲ್ಲಿ ಗಂಡ ಹೆಂಡತಿ ದೀಕ್ಷಾಸ್ನಾನ ಪಡೆದರು. ಊರಿಗೆ ಬಂದು ಹಳ್ಳಿ ಹಳ್ಳಿ ತಿರುಗಿದರು. 1867ರ ಆರಂಭದಲ್ಲಿ ಕ್ಲೌ ತಲಕೊಂಡಪಾಡಿಗೆ ಬರುವ ಹೊತ್ತಿಗೆ ಸುತ್ತಲ ಹಳ್ಳಿಗಳ ಜನ ಗಂಟುಮೂಟೆ ಕಟ್ಟಿಕೊಂಡು ಕಾದಿದ್ದರು. ಕೆಲವು ದಿನ ಅಲ್ಲೇ ಒಲೆ ಹೂಡಿ ಕೇಳಿದರು. 28 ಜನ ದೀಕ್ಷಾಸ್ನಾನ ಪಡೆದರು. ಕ್ಲೌ ಅವರಿಗೆ ಸಿಕ್ಕಿದ್ದು ಬೆಳೆದು ನಿಂತ ಪೈರು. ಉತ್ತು ಬಿತ್ತಿದ್ದು ಪೇರಯ್ಯ.

ಆಮೇಲೆ ನಡೆದದ್ದು ಸುಲಭದ್ದಲ್ಲ. ಸೇರುವವರಿಗೆ ಮೂರು ಕಟ್ಟಳೆ: ಭಾನುವಾರ ದುಡಿಯಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹಕ್ಕೆ ಕೈ ಮುಗಿಯಬಾರದು. ಕೇಳಲು ಸಣ್ಣ ಮಾತು. ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ಹಳ್ಳಿ ನೋಡಿದವರಿಗೆ ಇದರ ಭಾರ ಗೊತ್ತಾಗುತ್ತದೆ. ಸುಗ್ಗಿಯಲ್ಲಿ ಭಾನುವಾರ ಬರುವುದಿಲ್ಲ ಎಂದರೆ ಗೌಡ ಬಿಡುತ್ತಾನೆಯೇ? ಜಾತ್ರೆಯಲ್ಲಿ ತಮಟೆ ಬಡಿಯುವುದಿಲ್ಲ ಎಂದರೆ? ಬಿಟ್ಟಿ ಚಾಕರಿ ನಿಂತ ಕಡೆ ಹೊಡೆತ ಬಿತ್ತು, ನೀರು ಬಂದ್ ಆಯಿತು. ಅಂಥ ಹೊತ್ತಿನಲ್ಲಿ ಹಳ್ಳಿಯಲ್ಲಿ ಇದ್ದವರು ಯಾರು? ದೊರೆ ಇದ್ದದ್ದು ಒಂಗೋಲಿನ ಬಂಗಲೆಯಲ್ಲಿ. ಅವರೂ ಬಂಡಿ ಕಟ್ಟಿಕೊಂಡು ಊರೂರು ತಿರುಗಿದರು, ಇಲ್ಲವೆನ್ನುವುದಿಲ್ಲ. ಏಟು ತಿಂದ ರಾತ್ರಿ ಪಕ್ಕದಲ್ಲಿ ಕೂರುತ್ತಿದ್ದವರು ಮಾತ್ರ ಹಳ್ಳಿ ಬೋಧಕರು. ಊರಿನವರು ಗುರುಗಳಿಗೆ ಕೊಡುವ ಹಾಗೆ ಇವರಿಗೂ ಕಾಳು ಕಡಿ ಕೊಡುತ್ತಿದ್ದರು. ಮೂರು ತಿಂಗಳಿಗೊಮ್ಮೆ ಎಲ್ಲರೂ ಒಂಗೋಲಿಗೆ ಬಂದು ತಮ್ಮ ಹಳ್ಳಿಗಳ ಸಮಾಚಾರ ಹೇಳಬೇಕಿತ್ತು. ಇಂಥವರಿಗೆ ಓದಿಸಲೆಂದೇ 1872ರಲ್ಲಿ ರಾಮಪಟ್ನಂನಲ್ಲಿ ಒಂದು ಶಾಲೆ ತೆರೆದರು.

ಆಮೇಲೆ ಬರ. ನಮ್ಮವರು ಇದನ್ನು ಧಾತು ಈಶ್ವರ ಸಂವತ್ಸರದ ಬರ ಎನ್ನುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ, 1881ರಲ್ಲಿ ಸುಮಾರು 42 ಲಕ್ಷ. ನಮ್ಮ ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು, ಇಲ್ಲಿಯ ಪಾಡು ಅದಕ್ಕಿಂತ ಕಡಿಮೆಯೇನಲ್ಲ. ಒಂಗೋಲಿನ ಕಡೆ ಕ್ಲೌ, ಬರ ಪರಿಹಾರದ ಕೆಲಸವಾಗಿ ಅಗೆಸುತ್ತಿದ್ದ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಗುತ್ತಿಗೆ ಹಿಡಿದರು. ಅವರ ಬೋಧಕರೇ ಮೇಸ್ತ್ರಿಗಳಾದರು. ಹಗಲು ಮಣ್ಣಿನ ಲೆಕ್ಕ, ಬಿಡುವಿನಲ್ಲಿ ಕಥೆ, ಹಾಡು, ಸಮಾಧಾನ. ಸಾವಿರಾರು ಕೂಲಿಗಳು ಇದೇ ಬೋಧಕರ ಕೈಕೆಳಗೆ ಅಗೆದರು.

ನಿಮ್ಮ ಲೇಖನ ‘ಗಂಜಿಗಾಗಿ ಮತ ಬದಲಿಸಿದರು’ ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಹಸಿವಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ಎರಡು ಸಂಗತಿ ಬಿಟ್ಟುಹೋಗಿವೆ. ಬರದ ಪರಿಹಾರ ನಡೆಯುವಾಗ, ಸುಮಾರು 15 ತಿಂಗಳು, ಕ್ಲೌ ಯಾರಿಗೂ ದೀಕ್ಷಾಸ್ನಾನ ಕೊಡಿಸಲಿಲ್ಲ. ಕೇಳಿ ಬಂದವರನ್ನೂ ವಾಪಸ್ ಕಳಿಸಿದರು. ಎರಡನೆಯದು, ಬರದ ಮೊದಲೇ ಆ ಸಭೆಯಲ್ಲಿ ಸುಮಾರು 3 ಸಾವಿರ ಜನ ಇದ್ದರು. ಅವರು ಯಾವ ಗಂಜಿಗೆ ಬಂದವರು?

1878ರ ಜೂನ್ ಕೊನೆಗೆ ಕ್ಲೌ ತಮ್ಮ ಬೋಧಕರನ್ನು ವೆಲ್ಲಂಪಲ್ಲಿಗೆ ಕರೆದರು. ಒಂಗೋಲಿನಲ್ಲಿ ಸಿಡುಬು ಇದ್ದದ್ದರಿಂದ ಗುಂಡ್ಲಕಮ್ಮ ನದಿ ದಡದ ಈ ಹಳ್ಳಿ. ಕ್ರೈಸ್ತರನ್ನು ಮಾತ್ರ ಕರೆತನ್ನಿ ಎಂದಿದ್ದರು. ಬೋಧಕರ ಬೆನ್ನಿಗೆ ಸಾವಿರಗಟ್ಟಲೆ ಜನ ಬಂದರು. ನಮಗೆ ದುಡ್ಡು ಬೇಡ, ನೋಡಿ, ಕಾಲುವೆ ಅಗೆದ ಕೈಗಳು ಇವು ಎಂದು ಬೊಬ್ಬೆ ಬಂದ ಅಂಗೈ ತೋರಿಸಿದರಂತೆ. ಜುಲೈ 2ರಂದು 614, 3ರಂದು 2,222, 4ರಂದು 700. ಮೂರು ದಿನಕ್ಕೆ 3,536. ವರ್ಷದ ಕೊನೆಗೆ 9,606.

ಈಗ ಆ ಲೆಕ್ಕಕ್ಕೆ ಬರುತ್ತೇನೆ. ಜುಲೈ 3ರಂದು ನೀರಿಗೆ ಇಳಿದವರು ಆರು ಜನ ಬೋಧಕರು. ಒಂದು ಹೊತ್ತಿಗೆ ಇಬ್ಬರು. ಅವರಿಗೆ ದಣಿವಾದರೆ ಇನ್ನಿಬ್ಬರು. ಬೆಳಿಗ್ಗೆ ಶುರು, ಮಧ್ಯಾಹ್ನ ಬಿಡುವು, ಸಂಜೆಗೆ ಮುಕ್ತಾಯ. ಎಂಟೊಂಬತ್ತು ಗಂಟೆ ಎಂದು ಹಿಡಿದರೂ ತಲೆಗೆ ಅರ್ಧ ನಿಮಿಷದ ಹತ್ತಿರ. ಹೆಸರು ಕರೆಯಬೇಕು, ಮಂತ್ರ ಹೇಳಬೇಕು, ಬೆನ್ನಿಗೆ ಕೈ ಕೊಟ್ಟು ಮುಳುಗಿಸಿ ಎಬ್ಬಿಸಬೇಕು. ಬರ ಈಗಷ್ಟೇ ಮುಗಿದಿದೆ. ಎಬ್ಬಿಸಿದವರಲ್ಲಿ ಎಷ್ಟು ಜನ ಮೂಳೆ ಚಕ್ಕಳವಾಗಿದ್ದರೋ. ಸೊಂಟದ ಮಟ್ಟ ನೀರಲ್ಲಿ ನಿಂತು ಇದನ್ನು ಮಾಡಿದವರ ರಟ್ಟೆ ಹೇಗಿದ್ದಿರಬೇಕು ಎಂದು ನಾನು ಆ ನದಿ ದಡದಲ್ಲಿ ನಿಂತು ಯೋಚಿಸಿದ್ದೇನೆ. ಹೆಚ್ಚಿನ ಬರಹಗಳು ಅವರನ್ನು ‘ಆರು ಬೋಧಕರು’ ಎಂದಷ್ಟೇ ಕರೆದು ಮುಂದೆ ಹೋಗುತ್ತವೆ. ದೊರೆಯ ಹುಟ್ಟೂರು, ಬಂದ ಹಡಗು, ಸತ್ತ ತಾರೀಖು ಎಲ್ಲವೂ ಇರುತ್ತವೆ.

ಇದರಲ್ಲಿ ಕ್ಲೌ ತಪ್ಪು ಜಾಸ್ತಿ ಇಲ್ಲ. ಅವರು ಬರೆದಿಟ್ಟರು, ನಾವು ಓದಲಿಲ್ಲ. ಪೇರಯ್ಯನ ಕಥೆ ಇಷ್ಟಾದರೂ ಉಳಿದದ್ದು ಕ್ಲೌ ಅವರ ಎರಡನೇ ಹೆಂಡತಿ ಎಮ್ಮಾ ರೌಶೆನ್‌ಬುಶ್ ಹಳ್ಳಿಯವರ ಬಾಯಿಂದ ಕೇಳಿ 1899ರಲ್ಲಿ ಪುಸ್ತಕ ಮಾಡಿದ್ದರಿಂದ.

ನಮ್ಮ ಕಡೆಯೂ ಇದೇ ಕಥೆ. ಮಿಷನರಿಗಳಾದ ಬಳ್ಳಾರಿಯ ಹ್ಯಾಂಡ್ಸ್, ಮಂಗಳೂರಿನ ಮೊಗ್ಲಿಂಗ್, ಕಿಟೆಲ್ ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ನಮ್ಮ ತಾತ ಹಳ್ಳಿ ಉಪದೇಶಿ. ನಡೆದೇ ಏಳು ಹಳ್ಳಿ ನೋಡಿಕೊಳ್ಳುತ್ತಿದ್ದರು. ಅವರು ದುಡಿದ ಸಭೆಯೊಂದರಲ್ಲಿ ಹೊಸ ಕಲ್ಲು ಹಾಕಿಸಿದಾಗ ಮಿಷನರಿಗಳ ಹೆಸರು ವರ್ಷ ಸಮೇತ ಕೆತ್ತಿಸಿದರು, ಕೊನೆಗೆ ‘ಮತ್ತು ಸ್ಥಳೀಯ ಸಹಾಯಕರು’ ಎಂದು ಒಂದು ಸಾಲು. ನಮ್ಮ ತಾತ ಆ ‘ಮತ್ತು’ವಿನೊಳಗೆ ಇದ್ದಾರೆ.

ದೊಡ್ಡ ಸ್ಪಷ್ಟನೆ ಏನೂ ಬೇಡ. ಒಂದು ಮೂಲೆಯಲ್ಲಿ ಈ ತಿದ್ದುಪಡಿ ಹಾಕಿದರೆ ಸಾಕು: ‘1878ರ ಜುಲೈ 3ರಂದು ವೆಲ್ಲಂಪಲ್ಲಿಯಲ್ಲಿ 2,222 ಜನರಿಗೆ ದೀಕ್ಷಾಸ್ನಾನ ಕೊಟ್ಟವರು ಆರು ಜನ ಬೋಧಕರು. ಕ್ಲೌ ದಡದಲ್ಲಿದ್ದರು.’

ಇಂತಿ ನಿಮ್ಮ ಓದುಗ,
ನಿವೃತ್ತ ಶಿಕ್ಷಕ, ಬಳ್ಳಾರಿ ಜಿಲ್ಲೆ